ಬೆಳಕಿದ್ದ ಜಾಗ

ದೀಪ ಆರಿಸುವುದು ಬೇಡ. ಸಣ್ಣದು ಮಾಡಿದರೆ ಸಾಕು.

ಇದು ನನ್ನ ದೊಡ್ಡಪ್ಪನ ಮಗ ಗವಿಸಿದ್ದಪ್ಪನಿಗೂ ಅವನ ಹೆಂಡತಿ ಕೊಟ್ರಮ್ಮನಿಗೂ ಆದದ್ದು. ಯಾರಿಂದಲೋ ಕೇಳಿದ್ದಲ್ಲ, ನಾನು ಅಲ್ಲಿದ್ದೆ.

ಐವತ್ತೆರಡನೆಯ ಇಸವಿಯ ಬೇಸಿಗೆ. ನಾನು ಬಿ.ಎಸ್ಸಿ. ಮುಗಿಸಿ ಬಳ್ಳಾರಿಯಲ್ಲಿ, ಸತ್ಯನಾರಾಯಣಪೇಟೆಯ ಮನೆಯಲ್ಲಿ ಖಾಲಿ ಕೂತಿದ್ದೆ. ಗವಿಸಿದ್ದಪ್ಪ ಮದರಾಸಿನಲ್ಲಿ ಸಿನಿಮಾ ಕ್ಯಾಮರಾದ ವಿದ್ಯೆ ಕಲಿಯುತ್ತಿದ್ದ. ಕೊನೆಯ ಪರೀಕ್ಷೆಗೆ ಅವನೇ ಒಂದು ಸಣ್ಣ ಮೂಕಿ ಚಿತ್ರ ತೆಗೆದು ಒಪ್ಪಿಸಬೇಕಿತ್ತು. ಕ್ಯಾಮರಾ ಕೊಟ್ಟಿದ್ದರು, ಫಿಲ್ಮಿನ ಒಂದೇ ಸುರುಳಿ ಕೊಟ್ಟಿದ್ದರು. ಅದು ಕೆಟ್ಟರೆ ಇನ್ನೊಂದಿಲ್ಲ. ಹಿಂದಿನ ವರ್ಷ ಅವನು ಫೇಲಾಗಿದ್ದ. ಈ ಸಲವೂ ಹೋದರೆ ಊರಿಗೆ ಬಂದು ಹತ್ತಿ ಅಂಗಡಿಯಲ್ಲಿ ಕೂರು ಎಂದು ದೊಡ್ಡಪ್ಪ ಹೇಳಿಬಿಟ್ಟಿದ್ದ.

ಕತೆ ಸಣ್ಣದು. ಗಂಡ ಯುದ್ಧಕ್ಕೆ ಹೋಗಿದ್ದಾನೆ. ದೊಡ್ಡ ಮನೆಯಲ್ಲಿ ಹೆಂಡತಿ ಕಾಯುತ್ತಾ ಕೂತಿದ್ದಾಳೆ. ಹೊರಗೆ ಹೆಜ್ಜೆ ಸಪ್ಪಳ ಕೇಳಿ ಎದ್ದು ನಿಲ್ಲುತ್ತಾಳೆ. ಅಷ್ಟೇ.

ಸಿನಿಮಾ ಅಂದರೆ ಯಾವ ಮನೆಯವರು ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದರು? ಕೊನೆಗೆ ಕೊಟ್ರಮ್ಮನನ್ನೇ ಒಪ್ಪಿಸಿದ. ಮದುವೆಯಾಗಿ ವರ್ಷವೂ ಆಗಿರಲಿಲ್ಲ.

"ಕರೂರಾಗ ನಮ್ಮವ್ವಗ ಗೊತ್ತಾದ್ರ ನನ್ನ ಚರ್ಮ ಸುಲೀತಾಳ್ರಿ."

"ನಿಮ್ಮವ್ವ ಸಿನಿಮಾ ನೋಡಿದ್ರಲ್ಲ ಗೊತ್ತಾಗೋದು?"

ದೊಡ್ಡ ಮನೆ ಸಿಕ್ಕಿದ್ದು ಕುರುಗೋಡಿನಲ್ಲಿ. ದೂರದ ನೆಂಟರದು. ಗಂಡಸರೆಲ್ಲ ತೀರಿಹೋಗಿ ವೀರಭದ್ರಮ್ಮ ಎಂಬ ಮುದುಕಿ ಒಬ್ಬರೇ ಇದ್ದರು. ಬರ್ರಿ ಎಂದು ಹೇಳಿಕಳಿಸಿದ್ದರು.

ದಾರಿಯಲ್ಲಿ ಬಸ್ಸು ಕೆಟ್ಟಿತು. ಕ್ಯಾಮರಾದ ಪೆಟ್ಟಿಗೆ ಹೊತ್ತು ನಡೆದೆವು. ಊರ ಹೊರಗಿನ ಕಲ್ಲುಬಾವಿ ಹತ್ತಿರ ಬರುವಷ್ಟರಲ್ಲಿ ಕತ್ತಲಾಗಿತ್ತು. ಬಾವಿಯಲ್ಲಿ ಗಡಗಡಿ ಸಪ್ಪಳ... ಕಿರಕ್... ಕಿರಕ್... ನಿಂತಿತು. ಕಂದೀಲು ಹಿಡಿದು ಒಬ್ಬ ಹೆಂಗಸು ಎದುರಿಗೆ ಬಂದಳು. ಆ ಮನೆಯ ಕೆಲಸದ ದೊಡ್ಡಬಸಮ್ಮ.

"ದೊಡ್ಡ ಮನಿಗೇನ್ರಿ?" ಪಿಸುಮಾತಿನಲ್ಲಿ ಕೇಳಿದಳು. "ಅಮ್ಮಾರು ತೆಕ್ಕಲಕೋಟಿಗೆ ಹೋಗ್ಯಾರ. ನಾಳಿ ಬರ್ತಾರ. ಅವ್ರು ಬರೂತನಕ ಪಡಸಾಲ್ಯಾಗ ಏನೂ ಮಾಡಬ್ಯಾಡ್ರಿ."

"ಯಾಕವ್ವಾ?"

"ಅಷ್ಟ ಹೇಳು ಅಂದಾರ."

ಬೆಳಿಗ್ಗೆ ಮನೆ ನೋಡಿದೆವು. ಕಲ್ಲಿನ ಕಂಬ, ಎತ್ತರದ ತೊಲೆ, ಮೊಳ ದಪ್ಪದ ಗೋಡೆ. ಒಳಗೆಲ್ಲ ಕತ್ತಲು. ದೀಪದ ಬೆಳಕು ಆ ಫಿಲ್ಮಿಗೆ ಸಾಲುತ್ತಿರಲಿಲ್ಲ. ಗವಿಸಿದ್ದಪ್ಪ ಬೆಳಕು ಅಳೆಯುವ ಮೀಟರು ಹಿಡಿದು ಮೂಲೆ ಮೂಲೆ ತಿರುಗಿದ. ಮುಳ್ಳು ಎದ್ದದ್ದು ಒಂದೇ ಕಡೆ. ಪಡಸಾಲೆಯ ನಡುಗೋಡೆಗೆ ಒಂದು ಗಿಡ್ಡ ಕಲ್ಲಿನ ಕಟ್ಟೆ ಇತ್ತು. ಮೇಲಿನ ಬೆಳಕಿಂಡಿಯಿಂದ ಬಿಸಿಲು ಓರೆಯಾಗಿ ಅದರ ಎದುರಿಗೆ ಬಿದ್ದು, ನೆಲದಿಂದ ಪುಟಿದು ಕಟ್ಟೆಯನ್ನು ಬೆಳಗುತ್ತಿತ್ತು.

ಅದರ ಎದುರು ಗೋಡೆಯಲ್ಲಿ ಸಾಲಾಗಿ ಪಟಗಳು. ಮನೆಯ ಹಿರಿಯರು. ಗಂಡಸರು, ಹೆಂಗಸರು, ಎಲ್ಲರೂ ಅದೇ ಕಟ್ಟೆಯ ಮೇಲೆ ಕೂತವರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಸರ.

"ನೋಡಲೇ ಉಜ್ಜಿನಿ," ಅಂದ ನನಗೆ. "ಇವನ್ನ ತಗದಾಂವ ಬೆಳಕು ಬಲ್ಲಾಂವ. ಇದೇ ಜಾಗ ಹುಡುಕ್ಯಾನ."

"ಕುಂತಿದ್ದು ನೋಡಿದ್ರ... ಸತ್ತವರನ್ನ ಕುಂದ್ರಿಸಿ ತಗದಂಗ ಐತಿ."

"ಕಣ್ಣು ನೋಡು. ಸತ್ತವ್ರು ಹಿಂಗ ಕಣ್ಣು ತಕ್ಕೊಂಡು ನೋಡ್ತಾರೇನು? ಪೂಜಿ ದಿನ ತಗದಿದ್ದಿರಬೇಕು."

ನಿಜ, ಎಲ್ಲರ ಕಣ್ಣೂ ತೆರೆದಿದ್ದವು.

ಕಟ್ಟೆಯ ಹಿಂದೆ, ಕೂತವರ ಭುಜದ ಎತ್ತರಕ್ಕೆ, ಗೋಡೆಯಲ್ಲಿ ಒಂದು ಕಬ್ಬಿಣದ ಬಳೆ ಇತ್ತು. ಸವೆದು ಹೊಳೆಯುತ್ತಿತ್ತು. ತೊಟ್ಟಿಲ ಹಗ್ಗಕ್ಕೆ ಇರಬೇಕು ಎಂದ ಅವನು. ತೊಟ್ಟಿಲಿಗಾದರೆ ಬಳೆ ತೊಲೆಯಲ್ಲಿರುತ್ತದೆ.

ದೊಡ್ಡಬಸಮ್ಮನ ಮಾತು ನೆನಪಿಸಿದೆ. ಮುದುಕಿ ಸಂಜೆಗೆ ಬಂದರೆ ಬಿಸಿಲು ಇರುವುದಿಲ್ಲ, ನಾಡಿದ್ದು ಕ್ಯಾಮರಾ ಮದರಾಸಿನಲ್ಲಿರಬೇಕು ಎಂದ. ಬೆಳಗಿನಿಂದ ಬಾಗಿಲು, ಅಂಗಳ, ಮೆಟ್ಟಿಲುಗಳನ್ನು ತೆಗೆದಾಗಿತ್ತು. ಸುರುಳಿಯ ಕೊನೆಯ ತುಂಡು ಕಟ್ಟೆಯ ದೃಶ್ಯಕ್ಕೆ ಉಳಿದಿತ್ತು.

ಮಧ್ಯಾಹ್ನ ಕೊಟ್ರಮ್ಮ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಳು. ನಾನು ಬಿಳಿ ಧೋತರ ಹಿಡಿದು ಅವಳ ಮುಖಕ್ಕೆ ಬೆಳಕು ತಿರುಗಿಸುತ್ತಿದ್ದೆ.

"ತಣ್ಣಗ ಐತ್ರಿ ಇದು," ಅಂದಳು.

"ಕಲ್ಲು. ತಣ್ಣಗ ಇರ್ತೈತಿ. ನಾ ಏಳು ಅಂದಾಗ ಬಾಗಿಲ ಕಡಿ ನೋಡಿ ಏಳು."

ಕ್ಯಾಮರಾಕ್ಕೆ ಚಾವಿ ಕೊಟ್ಟ. ಕರಕರಕರ... ಗುಂಡಿ ಒತ್ತಿದ. ಕಿರ್‍ರ್‍ರ್... ಎಂದು ಓಡತೊಡಗಿತು. ಕೊಟ್ರಮ್ಮ ಅಲುಗದೆ ಕೂತಿದ್ದಳು. ಚೆನ್ನಾಗಿ ಮಾಡುತ್ತಿದ್ದಾಳೆ ಅಂದುಕೊಂಡೆ.

ಆಗ ಇನ್ನೊಂದು ಸಪ್ಪಳ ಕೇಳಿತು. ಕ್ಯಾಮರಾದ್ದಲ್ಲ. ಬಟ್ಟೆ ಬಿಗಿದು ಎಳೆದ ಹಾಗೆ... ಸರ್‍ರ್... ಆಮೇಲೆ ಸಣ್ಣಗೆ, ಟಿಣ್.

"ಏಳು," ಅಂದ ಗವಿಸಿದ್ದಪ್ಪ.

ಅವಳು ಏಳಲಿಲ್ಲ.

"ಏಳು ಕೊಟ್ರಾ... ಫಿಲ್ಮು ಓಡಾಕತ್ತೈತಿ."

ಕಿರ್‍ರ್‍ರ್... ಟಕ್. ಚಾವಿ ಮುಗಿಯಿತು. ಕೊಟ್ರಮ್ಮ ರೆಪ್ಪೆ ಬಡಿಯುತ್ತಿರಲಿಲ್ಲ.

"ಏಳಾಕ ಬರವಲ್ದ್ರಿ," ಅಂದಳು. ತುಟಿಯಷ್ಟೇ ಅಲುಗಿತು. "ಕಂಕುಳಾಗ ಬಟ್ಟಿ ಹಾಕಿ... ಹಿಂದ ಕಟ್ಯಾರ."

ನಾನು ಹಿಂದೆ ಹೋಗಿ ನೋಡಿದೆ. ಬಟ್ಟೆ ಇರಲಿಲ್ಲ. ಸೆರಗು ಎಲ್ಲಿಯೂ ಸಿಕ್ಕಿರಲಿಲ್ಲ. ಆದರೆ ಬಳೆ... ಅದುವರೆಗೆ ಗೋಡೆಗೆ ಒರಗಿ ಜೋತುಬಿದ್ದಿದ್ದ ಬಳೆ, ಅವಳ ಬೆನ್ನ ಕಡೆಗೆ ನೆಟ್ಟಗೆ ಚಾಚಿ ನಿಂತಿತ್ತು. ಹಗ್ಗ ಕಟ್ಟಿ ಎಳೆದರೆ ನಿಲ್ಲುತ್ತದಲ್ಲ, ಹಾಗೆ. ಬೆರಳಿನಿಂದ ಕೆಳಗೆ ಒತ್ತಿದೆ. ಬಗ್ಗಲಿಲ್ಲ.

ಗವಿಸಿದ್ದಪ್ಪ ಅವಳ ರಟ್ಟೆ ಹಿಡಿದು ಎಳೆದ. ನಾನೂ ಎಳೆದೆ. ಅವಳ ಕೈ ಕಲ್ಲಿನಷ್ಟು ತಣ್ಣಗಿತ್ತು.

ಹಿತ್ತಿಲಿನಿಂದ ಇಣುಕಿದ ದೊಡ್ಡಬಸಮ್ಮ ಅಲ್ಲಿಂದಲೇ ಬಸ್ಸಿನ ದಾರಿಗೆ ಓಡಿದಳು. ಸ್ವಲ್ಪ ಹೊತ್ತಿಗೆ, ಆಗತಾನೇ ಬಸ್ಸಿಳಿದಿದ್ದ ವೀರಭದ್ರಮ್ಮನನ್ನು ಕರೆದುಕೊಂಡು ಬಂದಳು. ಮುದುಕಿಯ ಕೈಯಲ್ಲಿ ಗಂಟು ಹಾಗೇ ಇತ್ತು. ಕಟ್ಟೆ ನೋಡಿದರು, ಕ್ಯಾಮರಾ ನೋಡಿದರು. ಕೂಗಾಡಲಿಲ್ಲ.

"ಪಟ ತಗದ್ಯಾ, ತಮ್ಮಾ?"

"ತಗದೀನ್ರಿ."

"ಈ ಮನ್ಯಾಗ ಜೀವ ಹೋದವ್ರನ್ನ ಇಲ್ಲಿ ಕುಂದ್ರಸ್ತೀವಿ. ವಾಲಬಾರದಂತ ಆ ಕಬ್ಬಿಣದ ಬಳಿಗೆ ಕಟ್ತೀವಿ. ನಮ್ಮ ಮಾವ ಹೋದಾಗ ಪಟದಾಂವ ಇಲ್ಲೇ ಬೆಳಕು ಐತಿ ಅಂದ. ಅವತ್ತಿಂದ ಎಲ್ಲಾರೂ ಇಲ್ಲೇ."

"ಪಟದಾಗ ಕಣ್ಣು ತೆರದಾವಲ್ರಿ..." ಅಂದ ಗವಿಸಿದ್ದಪ್ಪ.

"ಕಣ್ಣು ಪಟದಾಂವ ಆಮ್ಯಾಲೆ ಬರೀತಾನ."

ಪಟಗಳ ಕಡೆ ತಿರುಗಲು ನನಗೆ ಧೈರ್ಯವಾಗಲಿಲ್ಲ.

"ಪಟ ಆತಂದ್ರ ಇಲ್ಲಿಂದ ಎತ್ತಿಕೊಂಡ ಹೋಗಬೇಕು," ಅಂದರು ಮುದುಕಿ. "ತಾವಾಗೇ ಎದ್ದವ್ರಿಲ್ಲ. ಆ ಪಟ ಹಾಳು ಮಾಡು. ಪಟ ಇಲ್ಲಂದ್ರ ಅಕಿ ಇಲ್ಲಿ ಕುಂತೇ ಇಲ್ಲ."

ಗವಿಸಿದ್ದಪ್ಪ ಕ್ಯಾಮರಾದ ಮೇಲೆ ಕೈ ಇಟ್ಟ. ಮುಚ್ಚಳ ತೆರೆದು ಸುರುಳಿಯನ್ನು ಬಿಸಿಲಿಗೆ ಬಿಚ್ಚಿದರೆ ಎಲ್ಲ ಹೋಗುತ್ತದೆ. ಕಟ್ಟೆಯ ತುಂಡು ಮಾತ್ರ ಅಲ್ಲ, ಇಡೀ ಚಿತ್ರ. ಅವನ ಕೈ ಅಲ್ಲೇ ಇತ್ತು. ಮುಚ್ಚಳ ತೆರೆಯಲಿಲ್ಲ.

"ಬ್ಯಾರೆ ಹಾದಿ ಏನರ ಐತೇನ್ರಿ, ಅಮ್ಮಾರ? ಪೂಜಿ... ಏನರ..."

ಮುದುಕಿ ಗಂಟು ಕೆಳಗಿಟ್ಟು ಕೊಟ್ರಮ್ಮನ ಪಕ್ಕಕ್ಕೆ ಹೋಗಿ ನಿಂತರು.

"ಉಜ್ಜಿನಿ, ಡಾಕ್ಟ್ರನ್ನ ಕರಕೊಂಡು ಬಾರಲೇ. ವಾಯು ಹಿಡದಿರಬೇಕು... ಬಳ್ಳಾರಿಗೆ ಹೋಗು..."

ನಾನು ಕೊಟ್ರಮ್ಮನನ್ನೇ ನೋಡುತ್ತಿದ್ದೆ. ಅವಳ ತುಟಿ ನೀಲಿಯಾಗುತ್ತಿತ್ತು. ಕುತ್ತಿಗೆ ಒಂದು ಕಡೆ ವಾಲಿತ್ತು. ಉಸಿರಿನ ಸದ್ದು... ಹ್‌ಕ್... ಹ್‌ಕ್... ದೂರ ದೂರವಾಗುತ್ತಿತ್ತು.

"ಇರ್ಲಿ ಬಿಡ್ರಿ," ಅಂದಳು. "ನಿಮ್ಮ ಪರೀಕ್ಷಿ..."

ಸಿಟ್ಟಿನಿಂದ ಅಂದಳೋ, ಮನಸಾರೆ ಅಂದಳೋ, ನನಗೆ ಇವತ್ತಿಗೂ ತಿಳಿದಿಲ್ಲ.

ಗವಿಸಿದ್ದಪ್ಪ ಮುಚ್ಚಳ ಕಿತ್ತ. ಸುರುಳಿ ಹಿಡಿದು ಅಂಗಳಕ್ಕೆ ಓಡಿದ. ಸರಸರಸರ... ಫಿಲ್ಮು ಬಿಸಿಲಿನಲ್ಲಿ ಬಿಚ್ಚಿಕೊಂಡು ಅವನ ಕಾಲಿಗೆ ಸುತ್ತಿಕೊಂಡಿತು. ಕೊನೆಯ ಮೊಳ ಬಿಚ್ಚಿದಾಗ ನನ್ನ ಹಿಂದೆ ಸಪ್ಪಳ ಕೇಳಿತು. ಟಿಣ್. ಬಳೆ ಗೋಡೆಗೆ ಬಿದ್ದಿತ್ತು.

ಕೊಟ್ರಮ್ಮ ಮುಂದಕ್ಕೆ ಕುಸಿದಳು. ವೀರಭದ್ರಮ್ಮ ಹಿಡಿದುಕೊಂಡರು. ಬಹಳ ಹೊತ್ತು ಕೆಮ್ಮಿದಳು. ಆಮೇಲೆ ನೀರು ಕೇಳಿದಳು.

ಗವಿಸಿದ್ದಪ್ಪ ಮದರಾಸಿಗೆ ಹೋಗಿ ಕ್ಯಾಮರಾ ಒಪ್ಪಿಸಿ ಬಂದ. ಈಗ ಹತ್ತಿ ಅಂಗಡಿಯಲ್ಲಿದ್ದಾನೆ, ನೀವೂ ನೋಡಿದ್ದೀರಿ. ಆ ಮನೆಯ ಮಾತು ತೆಗೆಯುವುದಿಲ್ಲ. ಕೊಟ್ರಮ್ಮ ಚೆನ್ನಾಗಿದ್ದಾಳೆ, ನಗುತ್ತಾಳೆ, ಗಂಡನ ಹತ್ತಿರ ಮಾತಾಡುತ್ತಾಳೆ. ಆದರೆ ಕೂತಲ್ಲಿಂದ ಏಳುವಾಗ ಅವನು ಕೈ ಕೊಟ್ಟರೆ ಹಿಡಿಯುವುದಿಲ್ಲ. ನೆಲಕ್ಕೆ ಕೈ ಊರಿ ತಾನೇ ಏಳುತ್ತಾಳೆ.

ಮೊನ್ನೆ ಅವಳ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಎಣ್ಣೆ ಹಚ್ಚಿ ನೀರು ಎರೆಯುತ್ತಿದ್ದವಳು ನನ್ನ ತಾಯಿ. ಕಂಕುಳಿನಿಂದ ಕಂಕುಳಿಗೆ, ಬೆನ್ನಿನ ಮೇಲೆ, ನಾಲ್ಕು ಬೆರಳು ಅಗಲದ ಒಂದು ಪಟ್ಟಿ ಇದೆಯಂತೆ. ಗಾಯ ಅಲ್ಲ, ಕಲೆ ಅಲ್ಲ. ಚರ್ಮದ ಬಣ್ಣವೇ.

ನನ್ನ ತಾಯಿ ಸುಳ್ಳು ಹೇಳುವವಳಲ್ಲ. ಬೇಕಾದರೆ ಹೋಗಿ ಕೇಳಿ, ಒಳಗೇ ಮಲಗಿದ್ದಾಳೆ. ಉಳಿದ ಮೈಮೇಲೆ ಎಣ್ಣೆ ಜಾರಿ ಇಳಿಯುತ್ತದೆ. ಆ ಪಟ್ಟಿಗೆ ಬಂದಾಗ ನಿಲ್ಲುತ್ತದೆ... ಬಟ್ಟೆ ಹೀರಿಕೊಂಡ ಹಾಗೆ ಅಲ್ಲೇ ಇಂಗುತ್ತದೆ.