ನೈಟ್ ಹಾಲ್ಟ್

ಮಳೆ ಜೋರಾಗಿ, ಜನ-ವಾಹನಗಳನ್ನು ನೀರು ದಾಟಿಸುವ ಬಾರ್ಜು ನಿಂತುಹೋಗಿತ್ತು. ಆಚೆ ದಡಕ್ಕೆ ಹೋಗಬೇಕಾಗಿದ್ದ ನಾವೊಂದಷ್ಟು ಜನ, ರಸ್ತೆ ಮುಗಿದು ನೀರು ಶುರುವಾಗುವ ಜಾಗದಲ್ಲಿದ್ದ ಹಳೇ ಗ್ಯಾರೇಜಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆವು. ತಗಡಿನ ಮಾಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಪಕ್ಕದವರ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. ಕೆಲವರು ಟೈರುಗಳ ಮೇಲೆ, ಕೆಲವರು ಗ್ರೀಸು ಮೆತ್ತಿದ ಬೆಂಚಿನ ಮೇಲೆ ಕೂತು ಒದ್ದೆ ಬಟ್ಟೆ ಹಿಂಡಿಕೊಳ್ಳುತ್ತಿದ್ದರು. ಗ್ಯಾರೇಜಿನ ಅಜ್ಜ ಎಲ್ಲರಿಗೂ ಚಹಾ ಕಾಸಿ ಕೊಟ್ಟು, ತಾನೊಂದು ಬ್ಯಾಟರಿ ಡಬ್ಬಿಯ ಮೇಲೆ ಕುಳಿತಿದ್ದ.

ನಮ್ಮ ಜೊತೆ ಹೊಸದಾಗಿ ಮದುವೆಯಾದ ಜೋಡಿಯೊಂದಿತ್ತು. ಹುಡುಗ ಕಿಟಕಿಯಿಂದ ಹಿತ್ತಿಲ ಕಡೆ ಇಣುಕಿ, "ಅಜ್ಜಾ, ಶೆಡ್ಡಲ್ಲಿ ಒಂದು ಮನೆಗಾಡಿ ನಿಂತಿದೆಯಲ್ಲ, ಒಳಗೆ ಹಾಸಿಗೆ ಎಲ್ಲಾ ಇದೆ. ಖಾಲಿ ಬಿದ್ದಿದೆ. ರಾತ್ರಿ ನಾವಿಬ್ರೂ ಅಲ್ಲೇ ಮಲಗ್ಲಾ?" ಎಂದು ಕೇಳಿದ.

ಅಜ್ಜ ಲೋಟ ಕೆಳಗಿಟ್ಟ. "ಖಾಲಿ ಇದೆ ಅಂತ ನಿಂಗ್ಯಾರಪ್ಪಾ ಹೇಳಿದ್ದು?" ಎಂದ. ಆಮೇಲೆ ನಮ್ಮನ್ನೆಲ್ಲ ಒಮ್ಮೆ ನೋಡಿ ಶುರುಮಾಡಿದ.

ಹತ್ರ ಬನ್ನಿ, ಹೇಳ್ತೀನಿ. ಮಳೆ ನಿಲ್ಲೋ ಲಕ್ಷಣ ಇಲ್ಲ, ನಿಮಗೂ ಎದ್ದು ಹೋಗೋಕೆ ಬೇರೆ ದಾರಿ ಇಲ್ಲ. ನಂಬ್ಲೇಬೇಕು ಅಂತ ನಾನೇನೂ ಗಂಟು ಬೀಳಲ್ಲ... ಆದ್ರೆ ಮಧ್ಯೆ ಬಾಯಿ ಹಾಕ್ಬೇಡಿ, ನಂಗೆ ಎಳೆ ತಪ್ಪುತ್ತೆ.

ಆ ಗಾಡಿ ಒಬ್ಬ ಬಸ್ ಡ್ರೈವರಂದು. ಅಲ್ಲಲ್ಲ, ಹಾಗಂದ್ರೆ ಆಯಮ್ಮ ಬೈತಾಳೆ... ಇಬ್ರದ್ದೂ. ಗಂಡ ಡ್ರೈವರು, ಹೆಂಡ್ತಿ ಕಂಡಕ್ಟರು, ಇಬ್ರೂ ಒಂದೇ ಬಸ್ಸು. ಅವನು ಆನೆಯಂಥ ಆಳು, ಮಾತು ಕಮ್ಮಿ, ಏನು ಕೇಳಿದ್ರೂ ಗಂಟಲೊಳಗೇ ಒಂದು 'ಹ್ಞೂಂ'. ಆಯಮ್ಮ ಗಿಡ್ಡಕ್ಕೆ, ಕಡ್ಡಿ ಹಾಗಿದ್ಲು, ಆದ್ರೆ ಬಾಯಿ ತೆಗೆದ್ರೆ ಮುಂದಿನ ಸ್ಟಾಪಲ್ಲಿ ನಿಂತಿರೋರಿಗೂ ಕೇಳ್ತಿತ್ತು. ಮನೇಲೂ ಅವನು ಅವಳನ್ನ ಕಂಡಕ್ಟರಮ್ಮ ಅಂತಲೇ ಕರೀತಿದ್ದ, ಅವಳು ಅವನನ್ನ ಡ್ರೈವರ್ ಸಾಹೇಬ್ರೆ ಅಂತಿದ್ಲು.

ಡ್ರೈವರಿಗೇನು, ಎದುರಿಗಿರೋ ರಸ್ತೆ ಮಾತ್ರ. ಹಿಂದೆ ಯಾರು ಹತ್ತಿದ್ರು, ಯಾರು ಇಳಿದ್ರು, ಯಾವ ಮುದುಕಿ ಇನ್ನೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಕೊಂಡು ನಿಂತಿದಾಳೆ, ಅದೆಲ್ಲ ಕಂಡಕ್ಟರ್ ಜವಾಬ್ದಾರಿ. ಅವನು 'ಆಯ್ತಾ?' ಅನ್ನೋದು, ಅವಳು ಹಿಂದಿನ ಬಾಗಿಲಿಂದ ಕತ್ತು ಹೊರಗೆ ಹಾಕಿ ನೋಡಿ 'ರೈಟ್' ಅನ್ನೋದು, ಗಾಡಿ ಹೊರಡೋದು. ಹಾಗೇ ಅವಳು 'ಕೊನೇ ಸ್ಟಾಪು, ಎಲ್ಲಾ ಇಳೀರಿ' ಅನ್ನೋವರೆಗೂ ಅವನು ಸೀಟು ಬಿಟ್ಟು ಏಳ್ತಿರ್ಲಿಲ್ಲ. ಎಲ್ಲಾ ಬಸ್ಸಲ್ಲೂ ಹೀಗೇನಾ ಅಂದ್ರೆ ನಂಗೊತ್ತಿಲ್ಲ, ಇವರಿಬ್ಬರ ಮಧ್ಯೆ ಅದು ಕಲ್ಲಲ್ಲಿ ಕೊರೆದ ಮಾತು. ಅವಳ ರೈಟ್‌ನ ಅವನು ಒಂದಿನವೂ ತಿರುಗಿ ನೋಡಿ ಪರೀಕ್ಷೆ ಮಾಡಿದ್ದಿಲ್ಲ. ಸಂಸಾರ ಅಂದ್ರೆ ಇದಕ್ಕಿಂತ ಇನ್ನೇನಿರುತ್ತೆ, ನೀವೇ ಹೇಳಿ?

ಇನ್ನೊಂದಿತ್ತು, ನೈಟ್ ಹಾಲ್ಟ್. ದೂರದ ಊರಿಗೆ ಹೋದ ಕಡೇ ಟ್ರಿಪ್ಪು ವಾಪಸ್ ಬರಲ್ಲ ನೋಡಿ, ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ಹೊರಡುತ್ತೆ, ಡ್ರೈವರು ಕಂಡಕ್ಟರು ಗಾಡೀಲೇ ಮಲಗ್ತಾರೆ. ಮದುವೆಯಾದ ಹೊಸದ್ರಲ್ಲಿ ಇವರ ಮನೇಲಿ ಇದ್ದದ್ದು ಒಂದೇ ಕೋಣೆ, ಅದರಲ್ಲಿ ಅತ್ತೆ, ಮಾವ, ಇಬ್ರು ಮೈದುನಂದಿರು... ಹಾಗಾಗಿ ಸಂಸಾರ ಅಂತ ಏನು ಮಾಡಿದ್ರೋ ಅದೆಲ್ಲಾ ನೈಟ್ ಹಾಲ್ಟಲ್ಲೇ ಅನ್ನಿ. ಯಾಕಮ್ಮಾ ನಗ್ತೀಯ? ನಿಂಗೂ ಮುಂದೆ ಗೊತ್ತಾಗುತ್ತೆ.

ಮಕ್ಕಳಾಗ್ಲಿಲ್ಲ. ಇಬ್ರೂ ರಿಟೈರಾದ್ರು. ಅವನಿಗೆ ಬೆನ್ನು ನೋವು, ಅವಳಿಗೆ ಒಂದು ಹುಚ್ಚು. ಏನಪ್ಪಾ ಅಂದ್ರೆ, ಜೀವಮಾನ ಪೂರ್ತಿ ಕೊನೇ ಸ್ಟಾಪಿಗೆ ಹೋಗೋದು, ಗಾಡಿ ತಿರುಗಿಸೋದು, ಬಂದ ದಾರೀಲೇ ವಾಪಸ್ ಬರೋದು, ಇಷ್ಟೇ ಆಯ್ತಲ್ರೀ... ಆ ಸ್ಟಾಪಿನಾಚೆಗೂ ರಸ್ತೆ ಹೋಗುತ್ತಲ್ಲ, ಅದು ಎಲ್ಲಿಗೆ ಹೋಗುತ್ತೆ? ಈ ಮಾತನ್ನ ಅವಳು ಎಷ್ಟು ಸಲ ಕೇಳಿದ್ಲೋ, ಒಂದಿನ ಆ ಮಾತಿಲ್ಲದ ಮನುಷ್ಯ ಅವಳನ್ನ ಕರ್ಕೊಂಡು ಹೋಗಿ, ಹೊಚ್ಚ ಹೊಸ ಮನೆಗಾಡಿ ಮುಂದೆ ನಿಲ್ಲಿಸಿಬಿಟ್ಟ. ಒಳಗೆ ಒಲೆ, ಫ್ರಿಜ್ಜು, ಹಾಸಿಗೆ, ಬಚ್ಚಲು, ಮಡಚೋ ಮೇಜು ಎಲ್ಲಾ ಇದೆ ಅಂತ ಅಂಗಡಿಯವನು ತೆಗೆದು ತೆಗೆದು ತೋರಿಸಿದ್ರೆ, ಇವಳು ಸೊಂಟದ ಮೇಲೆ ಕೈ ಇಟ್ಕೊಂಡು, "ಮನೇಲಿರೋದೆಲ್ಲಾ ಇದ್ರಲ್ಲೂ ಇದ್ರೆ, ಮನೆ ಬಿಟ್ಟು ಹೋದ ಹಾಗೆ ಹೇಗಾಗುತ್ತಪ್ಪಾ?" ಅಂದ್ಲಂತೆ. ಬಾಯಲ್ಲಿ ಹಾಗಂದ್ಲು, ಕಣ್ಣಲ್ಲಿ ನೀರು.

ಒಂದೇ ಷರತ್ತು ಹಾಕಿದ್ಲು, ಎಲ್ಲೇ ಹೋದ್ರೂ ಗಾಡಿ ತಿರುಗಿಸೋ ಹಾಗಿಲ್ಲ. ಮುಂದಿನ ಸೀಟಿಗೂ ಹಿಂದಿನ ಮನೆಗೂ ಮಧ್ಯೆ ಒಂದು ಪರದೆ. ಡ್ರೈವರ್ ಪಕ್ಕ ಒಳ್ಳೇ ಮೆತ್ತನೆ ಸೀಟು ಖಾಲಿ ಇದ್ರೂ ಆಯಮ್ಮ ಅಲ್ಲಿ ಕೂರ್ಲಿಲ್ಲ. "ನಾನು ಮುಂದೆ ಬಂದ್ರೆ ಹಿಂದೆ ಯಾರು ನೋಡ್ಕೋತಾರೆ?" ಅಂತ ಹಿಂದಿನ ಬಾಗಿಲ ಪಕ್ಕದ ಬೆಂಚಲ್ಲೇ ಕೂತ್ಲು. ಹೀಗೆ ಹೊರಟ್ರು ನೋಡಿ, ಮಲೆ ಹತ್ತಿ ಇಳಿದು, ಬಯಲು ದಾಟಿ, ಹೆಸರೇ ಕೇಳದ ಊರುಗಳಲ್ಲಿ ಗಾಡಿ ನಿಲ್ಲಿಸಿ, ಅಡುಗೆ ಮಾಡ್ಕೊಂಡು, ಬಟ್ಟೆ ಒಣಗಿಸ್ಕೊಂಡು... ಆದ್ರೆ ಅಭ್ಯಾಸ ಎಲ್ಲಿ ಬಿಡುತ್ತೆ? ಬಸ್ ಸ್ಟಾಪು ಕಂಡ ಕಡೆ ಅವನ ಕಾಲು ತಾನಾಗೇ ಬ್ರೇಕ್ ತುಳೀತಿತ್ತು. ಒಂದೂರಲ್ಲಿ ಹಾಗೇ ನಿಂತಾಗ ಬುಟ್ಟಿ ಹೊತ್ಕೊಂಡ ಒಬ್ಬ ಹೆಂಗಸು ಸೀದಾ ಹತ್ತಿ ಹಾಸಿಗೆ ಮೇಲೆ ಕೂತು, "ಒಂದು ಸಂತೆ ಕೊಡಿ" ಅಂದ್ಲಂತೆ. ಆಯಮ್ಮ ಏನು ಮಾಡಿರ್ತಾಳೆ ಹೇಳಿ? ಅವಳಿಗೆ ಚಹಾ ಕೊಟ್ಟು, ಸಂತೆ ಹತ್ರ ಇಳಿಸಿ, ಕತ್ತು ಹೊರಗೆ ಹಾಕಿ, "ರೈಟ್!" ಅಂದ್ಲು. ಆವತ್ತು ಪೂರ್ತಿ ಮುಂದಿನ ಸೀಟಿಂದ ನಗು ಕೇಳ್ತಾನೇ ಇತ್ತಂತೆ. ಅವನು ಅಷ್ಟು ನಕ್ಕಿದ್ದನ್ನ ಅವಳು ಅದಕ್ಕೆ ಮುಂಚೆ ಕೇಳಿರ್ಲಿಲ್ಲ.

ಆಮೇಲೆ ಆ ಮಧ್ಯಾಹ್ನ ಬಂತು. ಉರಿಬಿಸಿಲು. ಒಂದು ಪೆಟ್ರೋಲ್ ಬಂಕಲ್ಲಿ ಗಾಡಿ ನಿಲ್ಲಿಸಿ, ಅವನು ಹಳದಿ ಕ್ಯಾನು ಹಿಡ್ಕೊಂಡು ನೀರು ತರೋಕೆ ಬಂಕಿನ ಹಿಂದಕ್ಕೆ ಹೋದ. ಇವಳು ಒಲೆ ಮೇಲೆ ಹಾಲಿಟ್ಟಿದ್ಲು. ಸ್ವಲ್ಪ ಹೊತ್ತಿಗೆ ಮುಂದಿನ ಬಾಗಿಲು ದಡ್ ಅಂತ ಹಾಕ್ಕೊಂಡ್ತು, ಅವನು ಕೂತಾಗ ಯಾವಾಗ್ಲೂ ಆಗೋ ಹಾಗೆ ಗಾಡಿ ಒಂದು ಕಡೆಗೆ ಜಗ್ಗಿತು, "ಆಯ್ತಾ?" ಅಂತ ಕೇಳಿಸ್ತು. ಅದೇ ಹೊತ್ತಿಗೆ ಹಾಲು ಉಕ್ಕಿ ಬಂತು. ಇವಳು ಪಾತ್ರೆ ಕಡೆಗೆ ಓಡಿದವಳು... ಕತ್ತು ಹೊರಗೆ ಹಾಕ್ಲಿಲ್ಲ. ನೋಡ್ಲಿಲ್ಲ. ಸರ್ವಿಸಲ್ಲಿ ಯಾವತ್ತೂ ಮಾಡದ ತಪ್ಪು ಅದು. ನೋಡದೇ "ರೈಟ್" ಅಂದ್ಬಿಟ್ಲು.

ಗಾಡಿ ಹೊರಟ್ತು.

ಸುಮಾರು ದೂರ ಬಂದ ಮೇಲೆ ಇವಳ ಫೋನ್ ಬಡ್ಕೊಂಡ್ತು. ನೋಡಿದ್ರೆ ಅವನದೇ ನಂಬರು. "ಏನ್ರೀ, ಫೋನ್ ಬಂಕಲ್ಲೇ ಬಿಟ್ಟು ಬಂದಿರಾ?" ಅಂತ ಪರದೆ ಕಡೆ ತಿರುಗಿ ಬೈಕೊಂಡೇ ಎತ್ತಿದ್ಲು. ಆ ಕಡೆಯಿಂದ ಬಂಕಿನವನು. ಅಮ್ಮಾ, ನೀವು ಇವರಿಗೇನಾಗ್ಬೇಕು? ದೊಡ್ಡ ಮೈಯಿನ ಮನುಷ್ಯ, ನಲ್ಲಿ ಪಕ್ಕ ಕುಸಿದು ಬಿದ್ದಿದ್ರು, ಹಳದಿ ಕ್ಯಾನು ಹತ್ರಾನೇ ಇತ್ತು... ಡಾಕ್ಟ್ರು ಬಂದು ನೋಡಿದ್ರು ಅಮ್ಮಾ... ಉಸಿರಿಲ್ಲ.

ಗಾಡಿ ಓಡ್ತಾನೇ ಇದೆ. ಗೇರ್ ಬೀಳ್ತಿದೆ, ತಿರುವಲ್ಲಿ ಹಾರ್ನ್ ಆಗ್ತಿದೆ, ಗುಂಡಿ ಬಂದ್ರೆ ಗಾಡಿ ನಿಧಾನ ಆಗ್ತಿದೆ. ಆಯಮ್ಮಂಗೆ ಸೈಕಲ್ ಹೊಡಿಯೋಕೂ ಬರಲ್ಲ. ಹಾಗಾದ್ರೆ ಓಡಿಸ್ತಿರೋರು ಯಾರು?

ಎದ್ದು ಪರದೆ ಹತ್ರ ಹೋದ್ಲು. ಕೈ ಎತ್ತಿದ್ಲು. ಸರಿಸಿದ್ರೆ ಏನು ಕಾಣುತ್ತೆ? ಅವನು ಕಂಡ್ರೆ ಸರಿ... ಖಾಲಿ ಸೀಟು ಕಂಡ್ರೆ? ಸರಿಸ್ಲಿಲ್ಲ. ಮೆಲ್ಲಗೆ, ದಿನಾ ಕೇಳೋ ಹಾಗೇ ಕೇಳಿದ್ಲು, "ನೀರು ತಂದ್ರಾ?"

"ಹ್ಞೂಂ."

ಕ್ಯಾನು ಇಡೋ ಜಾಗ ನೋಡಿದ್ಲು. ಬರಿದಾಗಿತ್ತು.

ಹೆದರಿದ್ಲಾ ಅಂತೀರಾ? ನಾನೂ ಅದನ್ನೇ ಕೇಳಿದ್ದೆ. "ಯಾಕೆ ಹೆದರ್ಲಿ, ಅವರು ನಂಗೆ ಅಪರಿಚಿತರಾ?" ಅಂದ್ಲು. ಅವಳಿಗೆ ಬಂದದ್ದು ಹೆದರಿಕೆ ಅಲ್ಲ, ಸಂಕಟ. ಅವಳು ರೈಟ್ ಅಂದಿದ್ದಕ್ಕೆ ತಾನೇ ಆ ಜೀವ ಗಾಡಿ ಹೊರಡಿಸಿರೋದು? ತಾನು ಸತ್ತಿರೋದು ಅವನಿಗೆ ಗೊತ್ತೇ ಇಲ್ಲ. ಈಗ 'ಕೊನೇ ಸ್ಟಾಪು' ಅಂದ್ಲೋ, ಅವನು ಇಳಿದು ಹೋಗ್ತಾನೆ, ಇನ್ನು ಯಾವತ್ತೂ ಸಿಗಲ್ಲ. ಅನ್ನಲಿಲ್ವೋ, ಬೆನ್ನು ನೋವಿನ ಮನುಷ್ಯ ಹೀಗೇ ಓಡಿಸ್ತಾನೇ ಇರ್ತಾನೆ, ಊಟ ಇಲ್ಲ, ನಿದ್ದೆ ಇಲ್ಲ. ಗೇರ್ ಬದಲಾಯಿಸಿದಾಗೆಲ್ಲ ಅವನು ನರಳೋದು ಅವಳಿಗೆ ಕೇಳ್ತಿತ್ತು. ಆ ಕಡೆ ಬಂಕಲ್ಲಿ, ಗುರುತಿಲ್ಲದವರ ಮಧ್ಯೆ, ಅವನ ಮೈ ಬಿದ್ದಿದೆ. "ನೆರಳಲ್ಲಿ ಮಲಗಿಸಿರಪ್ಪಾ, ಅವರಿಗೆ ಬಿಸಿಲು ಆಗಲ್ಲ, ನಾನು ಬರ್ತೀನಿ" ಅಂತ ಬಂಕಿನವನಿಗೆ ಪಿಸುಗುಟ್ಟಿದ್ಲು. ಬಾಯಿಗೆ ಸೆರಗು ತುರುಕಿಕೊಂಡು ಅತ್ಲು, ಮುಂದಕ್ಕೆ ಕೇಳಿಸ್ಬಾರ್ದು ಅಂತ.

ಆಮೇಲೆ ಪರದೆ ಪಕ್ಕ ನೆಲದ ಮೇಲೆ ಕೂತು ಮಾತಾಡಿದ್ಲು. ಬುಟ್ಟಿ ಹೆಂಗಸಿನ ವಿಷ್ಯ, ಅತ್ತೆ ಇವರಿಬ್ಬರನ್ನ ಬೈತಿದ್ದ ವಿಷ್ಯ, ಆಗದೇ ಹೋದ ಮಗುವಿಗೆ ಇಬ್ರೂ ಗುಟ್ಟಾಗಿ ಹೆಸರು ಇಟ್ಕೊಂಡಿದ್ದ ವಿಷ್ಯ... ಎಲ್ಲದಕ್ಕೂ ಆ ಕಡೆಯಿಂದ 'ಹ್ಞೂಂ', 'ಹ್ಞೂಂ'. ಎಷ್ಟು ನಿಧಾನ ಹೋದ್ರೂ ರಸ್ತೆ ಮುಗೀಲೇಬೇಕಲ್ಲ? ಇಲ್ಲಿ ಬಂದು ಮುಗೀತು. ಮುಂದೆ ನೀರು. ಗಾಡಿ ದಡದ ಪಕ್ಕಕ್ಕೆ ಹೊರಳಿ, ನನ್ನ ಹಿತ್ತಿಲಲ್ಲಿ ಬಂದು ನಿಂತಿತು.

"ಆಯ್ತಾ?" ಅಂದ ಅವನು.

ಆಯಮ್ಮ ಬಾಯಿ ತೆಗೆದ್ಲು. ಹೇಳ್ಬೇಕು ಅಂತಲೇ ತೆಗೆದ್ಲಂತೆ. 'ಕೊ' ಅನ್ನೋವರೆಗೂ ಬಂತು... ಮುಂದಕ್ಕೆ ಬರ್ಲಿಲ್ಲ. ಎಷ್ಟು ಸಾವಿರ ಸಲ ಕೂಗಿದ ಮಾತು, ನಾಲಗೆ ಮೇಲೆ ಕಲ್ಲಾಗಿ ಕೂತ್ಬಿಡ್ತು. ಆಮೇಲೆ, ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ... "ನೈಟ್ ಹಾಲ್ಟ್, ಡ್ರೈವರ್ ಸಾಹೇಬ್ರೆ. ಮಲಗಿ" ಅಂದ್ಲು.

ಹ್ಯಾಂಡ್ ಬ್ರೇಕ್ ಎಳೆದ ಸದ್ದಾಯ್ತು. ಇಂಜಿನ್ ಆಫ್ ಆಯ್ತು. ಉದ್ದಕ್ಕೆ ಒಂದು ಉಸಿರು ಬಿಟ್ಟದ್ದು ಕೇಳಿಸ್ತು. ನೋಡಿ, ಬಿಸಿಲು ಇನ್ನೂ ಇಳಿದಿರ್ಲಿಲ್ಲ. ಟೈಮಿಗೆ ಸರಿಯಾಗಿ ಗಾಡಿ ಓಡಿಸಿದ ಮನುಷ್ಯ, ಹಗಲು ಹೊತ್ತಲ್ಲಿ ಯಾವ ನೈಟ್ ಹಾಲ್ಟು ಅಂತ ಒಂದು ಮಾತು ಕೇಳ್ಲಿಲ್ಲ. ಅವನಿಗೂ ಗೊತ್ತಿತ್ತಾ? ಗೊತ್ತಿತ್ತು ಅಂತಲೇ ನಂಗನ್ಸುತ್ತೆ.

ನಾನು ಆಗ ಒಂದು ಲಾರಿ ಕೆಳಗೆ ಮಲಗಿದ್ದೆ. ಈ ಗಾಡಿ ಚಕ್ರ ಬಂದು ನಿಂತದ್ದನ್ನ ಕಣ್ಣಾರೆ ನೋಡ್ದೆ. ಎದ್ದು ಹೋಗಿ ಮುಂದಿನ ಬಾಗಿಲು ತೆಗೆದ್ರೆ ಯಾರೂ ಇಲ್ಲ. ಸೀಟು ಬೆಚ್ಚಗಿತ್ತು ಅಂದ್ರೆ ಕತೆ ಚೆನ್ನಾಗಿರುತ್ತೆ, ಆದ್ರೆ ಸುಳ್ಳು ಯಾಕೆ ಹೇಳ್ಲಿ, ತಣ್ಣಗಿತ್ತು. ಕುಳಿ ಮಾತ್ರ ಇತ್ತು. ಭಾರದ ಮನುಷ್ಯ ಕೂತ ಕುಳಿ. ಎದ್ದು ಹೋದ್ರೆ ಹೊಸ ಸೀಟಿನ ಸ್ಪಂಜು ಮೇಲಕ್ಕೆ ಬರ್ಬೇಕಲ್ವಾ? ಬರ್ಲಿಲ್ಲ. ಇವತ್ತಿಗೂ ಬಂದಿಲ್ಲ.

ನನ್ನ ಪಿಕಪ್ಪಲ್ಲೇ ಆಯಮ್ಮನ್ನ ಬಂಕಿಗೆ ಕರ್ಕೊಂಡು ಹೋದೆ. ಅವನನ್ನ ಅಲ್ಲೇ ಮಣ್ಣು ಮಾಡಿದ್ವಿ. ವಾಪಸ್ ಊರಿಗೆ ಹೋಗಿ ಅಂದ್ರೆ, "ಅವರು ಗಾಡೀಲಿ ಮಲಗಿದಾರೆ, ಬಿಟ್ಟು ಹೇಗೆ ಹೋಗ್ಲಿ?" ಅಂದ್ಲು. ಗಾಡಿ ಅಲ್ಲಾಡಿಸ್ಬೇಡಿ ಅಂದದ್ದಕ್ಕೆ ನಿಂತಲ್ಲೇ ಅದರ ಸುತ್ತ ಶೆಡ್ ಕಟ್ಟಿದೆ. ಅವಳು ಇದೇ ಬಾರ್ಜಲ್ಲಿ ಟಿಕೆಟ್ ಕೊಡೋ ಕೆಲಸ ಹಿಡಿದ್ಲು, ಈ ಹಿಂದಿನ ಬೀದೀಲೇ ಒಂದು ಕೋಣೆ ಮಾಡ್ಕೊಂಡ್ಲು. ದಿನಾ ಬೆಳಿಗ್ಗೆ ಬಂದು ಗಾಡಿ ಒರೆಸಿ, ಹಿಂದಿನ ಬೆಂಚಲ್ಲಿ ಕೂತು, ಊರ ಸುದ್ದಿಯೆಲ್ಲಾ ಹೇಳಿ ಹೋಗ್ತಿದ್ಲು. ಆದ್ರೆ ಗಾಡಿ ಹೊರಡಿಸೋ ಆ ಒಂದು ಮಾತು ಮಾತ್ರ ಅವಳ ಬಾಯಿಂದ ಬರ್ಲಿಲ್ಲ. ಬಾರ್ಜು ಹೊರಡೋಕೆ ಶಿಳ್ಳೆ ಊದ್ತಿದ್ಲು. ಯಾರಾದ್ರೂ ದಾರಿ ಕೇಳಿದ್ರೆ, ಲೆಫ್ಟಿಗೆ ಹೋಗ್ಬೇಡಿ, ಇನ್ನೊಂದು ಕಡೆ ಹೋಗಿ ಅಂತಿದ್ಲು. ಜನ ನಗ್ತಿದ್ರು.

ಒಂದ್ಸಲ ಕೇಳ್ದೆ, ಅವನ ಜೊತೆ ಹೋಗೋಕೆ ಅಷ್ಟೊಂದು ಆಸೆ ಇದ್ರೆ ರೈಟ್ ಅಂದ್ಬಿಡಮ್ಮಾ, ಇಬ್ರೂ ಹೋಗಿ ಬನ್ನಿ ಅಂತ. ನನ್ನನ್ನ ದಡ್ಡನ್ನ ನೋಡೋ ಹಾಗೆ ನೋಡಿದ್ಲು. "ಈಗ ಹೊರಟ್ರೆ ನಂಗೆ ಹಸಿವಾಗುತ್ತೆ, ನಿದ್ದೆ ಬರುತ್ತೆ, ಎಲ್ಲೋ ಒಂದು ಕಡೆ ನಾನು ಇಳೀಲೇಬೇಕಾಗುತ್ತೆ ಅಣ್ಣಾ. ಅವರೊಬ್ಬರೇ ಆಗಿಬಿಡ್ತಾರೆ. ನಾನೂ ಅವರ ಹಾಗೇ ಆದ ಮೇಲೆ ಬಂದು ಹತ್ತುತ್ತೀನಿ. ಆಮೇಲೆ ಕೊನೇ ಸ್ಟಾಪು ಅಂತ ನಾನ್ಯಾಕೆ ಹೇಳ್ಲಿ? ನೀನು ಹಿಂದಿನ ಬಾಗಿಲಿಗೆ ಬೀಗ ಹಾಕ್ಬೇಡ, ಅಷ್ಟೇ" ಅಂದ್ಲು.

ಅಜ್ಜ ಅಷ್ಟಕ್ಕೆ ನಿಲ್ಲಿಸಿ, ಆರಿದ ಚಹಾ ಕುಡಿದ. ಆಯಮ್ಮ ಈಗ ಎಲ್ಲಿದ್ದಾಳೆ ಎಂದು ಹೊಸ ಮದುಮಗಳು ಕೇಳಿದಳು. ಅವಳು ಗಂಡನ ಕೈ ಹಿಡಿದುಕೊಂಡಿದ್ದಳು.

ಎಲ್ಲಿದಾಳೆ ಅಂದ್ರೆ... ಇವತ್ತು ಬೆಳಿಗ್ಗೆ ಹೋಗಿಬಿಟ್ಲು ಕಣಮ್ಮಾ. ನಿದ್ದೇಲೇ. ಮಣ್ಣು ಮಾಡಿ ನಾವು ವಾಪಸ್ ಬರೋ ಹೊತ್ತಿಗೆ ಈ ಮಳೆ ಹಿಡ್ಕೊಂಡ್ತು. ಬೀಗ ಹಾಕಿಲ್ಲ ನಾನು. ಹಾಸಿಗೆಗೇನು, ಆಯಮ್ಮನೇ ನಿನ್ನೆ ಒಗೆದು ಹಾಸಿದ್ದು, ಬೆಚ್ಚಗಿದೆ. ಮಲಗ್ತೀವಿ ಅಂದ್ರೆ ಹೋಗಿ ಮಲಗಿ, ನಾನೇನು ಬೇಡ ಅನ್ನಲ್ಲ... ಆದ್ರೆ ಆಯಮ್ಮ ಹತ್ತಿ, ಕತ್ತು ಹೊರಗೆ ಹಾಕಿ ನೋಡಿ, ಆ ಮಾತು ಅಂದ್ಬಿಟ್ರೆ, ಮುಂದೆ ಆ ಗಾಡಿಗೆ ಸ್ಟಾಪೇ ಇಲ್ಲ. ನೀವಿಬ್ರೂ ಎಲ್ಲಿ ಇಳೀತೀರಾ?