ಗಾಳಿಚೀಲ ಒಡೆದಿರಲಿಲ್ಲ

ಹೆಸರು ಓಪಲ್ ಸ್ಟ್ರಿಕ್‌ಲೆಂಡ್, ಗಂಡ ಡೊಯ್ಲ್ ಸ್ಟ್ರಿಕ್‌ಲೆಂಡ್, ವಯಸ್ಸು ಐವತ್ತು, ಶಾಲೆಯ ಅಡುಗೆಮನೆಯಲ್ಲಿ ಅಡುಗೆ ಕೆಲಸ, ವಾಸ ಹಾರ್ಲಿ ಕ್ರೀಕ್ ರಸ್ತೆ, ಅಲಬಾಮಾ ರಾಜ್ಯ. ಶೆರಿಫ್ ಕಚೇರಿಯ ಡೆಪ್ಯುಟಿ ಸಾಹೇಬರ ಮುಂದೆ ಕೂತು, ಯಾರ ಒತ್ತಾಯವೂ ಇಲ್ಲದೆ, ನನ್ನ ಕೈಯಾರೆ ಬರೆದು ತಿಳಿಸುತ್ತಿರುವುದು ಏನೆಂದರೆ,

ನನ್ನ ಗಂಡ ಡೊಯ್ಲ್ ಮತ್ತು ನನ್ನ ತಮ್ಮ ವೆರ್ಲನ್ ಕಾಬ್ ಇಬ್ಬರೂ ಹತ್ತೊಂಬತ್ತು ವರ್ಷದಿಂದ ಪ್ರತಿ ವಸಂತದಲ್ಲಿ ಕಾರ್ ರೇಸಿಗೆ ಒಟ್ಟಿಗೆ ಹೋಗುತ್ತಾ ಬಂದಿರುತ್ತಾರೆ. ನಮ್ಮ ಜಾಗ ಟ್ರ್ಯಾಕಿನ ಒಳಮೈದಾನದಲ್ಲಿ, ಮೂರನೇ ತಿರುವಿನ ಬೇಲಿ ಪಕ್ಕ. ಅಲ್ಲಿ ಎಲ್ಲರೂ ಗಾಡಿಯ ಚಾವಣಿ ಮೇಲೆ ಹಲಗೆಯ ಅಟ್ಟ ಕಟ್ಟಿ, ಕುರ್ಚಿ ಹಾಕಿ ಕೂರುತ್ತಾರೆ. ನೆಲದ ಮೇಲೆ ನಿಂತವರಿಗೆ ಬೇಲಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಒಳಗೆ ಹೋಗಲು ಟ್ರ್ಯಾಕಿನ ಅಡಿಯ ಸುರಂಗ ಒಂದೇ ದಾರಿ, ಅದರ ಎತ್ತರ ಹತ್ತೂವರೆ ಅಡಿ.

ಹೋದ ವರ್ಷ ಡೊಯ್ಲ್ ನಮ್ಮ ಹಳೇ ಬಸ್ಸಿನ ಅಟ್ಟಕ್ಕೆ ಹೊಸ ಹಲಗೆ ಜಡಿದು, ಮತ್ತೆ ಅಳತೆ ನೋಡದೆ ಸುರಂಗಕ್ಕೆ ನುಗ್ಗಿಸಿದನು. ಅಟ್ಟ ಪೂರಾ ಕಿತ್ತು ಹಿಂದಿನ ಗಾಡಿಯ ಮೇಲೆ ಬಿತ್ತು. ನನ್ನ ಬೀನ್ಸ್ ಪಾತ್ರೆಯೂ ಬಿತ್ತು. ಸುರಂಗ ತೆರವಾಗುವವರೆಗೆ ಸಾಲಿನಲ್ಲಿದ್ದ ನೂರಾರು ಗಾಡಿಗಳು ಹಾರ್ನ್ ಹೊಡೆದವು. ಮೂರನೇ ತಿರುವಿನ ಜಾಗ ಬೇರೆಯವರ ಪಾಲಾಯಿತು. ಬಸ್ಸಿನ ತಲೆ ಬೋಳಾಯಿತೆಂದು ಅಂದಿನಿಂದ ಡೊಯ್ಲ್‌ನನ್ನು ಎಲ್ಲರೂ ಬೋಳ ಎಂದು ಕರೆಯತೊಡಗಿದರು. ಪೆಟ್ರೋಲ್ ಬಂಕಿನಲ್ಲಿ ಕರೆದರು, ಚರ್ಚಿನ ಮೆಟ್ಟಿಲ ಮೇಲೂ ಕರೆದರು. ನನ್ನ ತಮ್ಮ ಬೋಳ ಬಾವ ಎಂದು ಕರೆಯುತ್ತಿದ್ದನು. ಡೊಯ್ಲ್ ನಗುತ್ತಿದ್ದನು. ಆದರೆ ಮೀನು ಹಿಡಿಯುವ ಬೆತ್ತದ ಗಾಳದ ಕೋಲನ್ನು ಸುರಂಗದ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿ, ಒಂದು ವರ್ಷ ಅದನ್ನು ಪಿಕಪ್ ಗಾಡಿಯಲ್ಲಿ ಇಟ್ಟುಕೊಂಡೇ ತಿರುಗಿದನು. ರಸ್ತೆಯಲ್ಲಿ ಒಲೆ, ಮಂಚ ಎಲ್ಲ ಒಳಗೇ ಇರುವ ಯಾವ ಮನೆಗಾಡಿ ಕಂಡರೂ ಇಳಿದು ಪಕ್ಕದಲ್ಲಿ ಕೋಲು ನಿಲ್ಲಿಸಿ ನೋಡುತ್ತಿದ್ದನು. ಕೆಲವರು ನಾಯಿ ಛೂ ಬಿಟ್ಟದ್ದೂ ಉಂಟು.

ಏಪ್ರಿಲ್ 16, ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಾವು ಮೂವರೂ ಲೆಡ್‌ಬೆಟರ್ ಎಂಬ ವೃದ್ಧರ ಅಂಗಳಕ್ಕೆ ಹೋದೆವು. ಅವರು ಹಳೆಯ ಮನೆಗಾಡಿಗಳನ್ನು ರಿಪೇರಿ ಮಾಡಿ ಮಾರುವವರು. ಅಲ್ಲಿ ಎರಡು ಗಾಡಿ ನಿಂತಿದ್ದವು. ಒಂದು ಕಂದು ಬಣ್ಣದ್ದು, ಎತ್ತರ, ಒಳಗೆ ಎರಡು ಮಂಚ. ಇನ್ನೊಂದು ಬಿಳಿಯದು, ಇಪ್ಪತ್ತು ವರ್ಷ ಹಳೆಯದು, ಗಿಡ್ಡ, ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಕೂತಿತ್ತು.

ಮನೆಯಿಂದ ತಂದಿದ್ದ ಅಟ್ಟದ ಕಾಲಿನ ತುಂಡನ್ನೂ ಹಲಗೆಯನ್ನೂ ಡೊಯ್ಲ್ ಬಿಳಿ ಗಾಡಿಯ ಮೇಲಿಟ್ಟು ಕೋಲು ನಿಲ್ಲಿಸಿದನು. ಕೆಂಪು ಬಟ್ಟೆಗೆ ಇನ್ನೂ ಗೇಣು ಬಾಕಿ ಇತ್ತು. ಅವನ ಮುಖದಲ್ಲಿ ಅಂಥ ಗೆಲುವನ್ನು ನಾನು ಒಂದು ವರ್ಷದಿಂದ ಕಂಡಿರಲಿಲ್ಲ. ಇದೇ ಗಾಡಿ, ಮಾತೇ ಬೇಡ ಎಂದನು. ವೆರ್ಲನ್ ಕಂದು ಗಾಡಿಯೇ ಬೇಕೆಂದು ಹಟ ಹಿಡಿದನು. ಅವರ ಮಾತು ನೆನಪಿದ್ದ ಹಾಗೆ ಬರೆಯುತ್ತೇನೆ.

"ಹಲಗೆ ಒಳಗಿಟ್ಕೊಂಡು ಸುರಂಗ ದಾಟೋದು, ಆಮೇಲೆ ಜೋಡಿಸೋದು. ಅದಕ್ಯಾಕೆ ಇಷ್ಟು ರಾಮಾಯಣ ಬಾವ?" ಎಂದು ವೆರ್ಲನ್ ಕೇಳಿದನು.

"ನೀನು ಮೊಳೆ ಹುಡುಕೋ ಹೊತ್ತಿಗೆ ಬೇಲಿ ಪಕ್ಕ ಇನ್ನೊಬ್ಬ ಮಾಂಸ ಸುಡ್ತಾ ಕೂತಿರ್ತಾನೆ" ಎಂದು ಡೊಯ್ಲ್ ಹೇಳಿದನು.

"ಹೋದ್ಸಲ ಜಾಗ ಕಳೆದದ್ದು ಯಾರು? ನಾನಾ? ಅಕ್ಕನ ಬೀನ್ಸ್ ಇನ್ನೂ ಆ ಸುರಂಗದ ಗೋಡೆಗೆ ಅಂಟ್ಕೊಂಡಿದೆ ಬೋಳ ಬಾವ."

ಡೊಯ್ಲ್ ಆಗಲೂ ನಕ್ಕನು. ವೆರ್ಲನ್ ಅವನ ಕೈಯಿಂದ ಕೋಲು ಕಸಿದುಕೊಂಡು, "ಈ ದೊಣ್ಣೆ ಹಿಡ್ಕೊಂಡು ಇನ್ನೆಷ್ಟು ದಿನ ತಿರುಗ್ತೀಯ, ಊರೇ ನಗ್ತಾ ಇದೆ" ಎಂದು ಹೇಳಿ, ತೊಡೆಯ ಮೇಲಿಟ್ಟು ಎರಡು ತುಂಡು ಮಾಡಿದನು.

ಡೊಯ್ಲ್ ಮುಷ್ಟಿ ಕಟ್ಟಿ ನನ್ನ ತಮ್ಮನ ಬಾಯಿಗೆ ಗುದ್ದಿದನು. ಮೊದಲು ಕೈ ಮಾಡಿದ್ದು ಡೊಯ್ಲ್, ಕೋಲು ಮುರಿದದ್ದು ವೆರ್ಲನ್. ಎರಡೂ ನಿಜ, ಎರಡನ್ನೂ ಬರೆದುಕೊಳ್ಳಬೇಕು. ವೆರ್ಲನ್ ಮುರಿದ ತುಂಡಿನಿಂದ ಡೊಯ್ಲ್‌ನ ಕಿವಿಯ ಮೇಲೆ ಬಾರಿಸಿದನು, ಬೆತ್ತದ ಸೀಳು ಚುಚ್ಚಿ ರಕ್ತ ಕಾಲರಿಗೆ ಇಳಿಯಿತು. ಇಬ್ಬರೂ ಕೆಂಪುಮಣ್ಣಿನಲ್ಲಿ ಉರುಳಾಡಿದರು. ಡೊಯ್ಲ್ ನನ್ನ ತಮ್ಮನ ಮೇಲೆ ಕೂತು ಅವನ ತಲೆಯನ್ನು ಗಾಡಿಯ ಟೈರಿಗೆ ನಾಲ್ಕು ಸಲ ಅಪ್ಪಳಿಸಿದನು. ಬಿಡಿಸಲು ಹೋದ ನನಗೆ ಯಾರದೋ ಮೊಣಕೈ ಬಡಿದು ತುಟಿ ಒಡೆಯಿತು. ಯಾರದೆಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಲೆಡ್‌ಬೆಟರ್ ಅವರು ನೀರಿನ ಪೈಪು ತಂದು ಇಬ್ಬರ ಮುಖಕ್ಕೂ ಹಿಡಿದರು. "ನಾಯಿಗಳನ್ನ ಹಿಂಗೇ ಬಿಡಿಸೋದು. ಗಾಡಿ ಕೊಳ್ಳೋಕೆ ಬಂದಿರೋ ಸಾಯೋಕೆ ಬಂದಿರೋ?" ಎಂದರು.

ನಾನು ಇಬ್ಬರನ್ನೂ ಪಿಕಪ್‌ನ ಹಿಂದೆ ಕೂರಿಸಿ, ತಂದಿದ್ದ ಬಿಸ್ಕತ್ತು, ಹಂದಿಮಾಂಸ ತಿನ್ನಲು ಕೊಟ್ಟೆನು. ಒಬ್ಬರ ಕೈಯಲ್ಲಿ ಒಬ್ಬರ ಕೈ ಇಡಿಸಿ ಪ್ರಾರ್ಥನೆ ಮಾಡಿದೆನು. ಇಬ್ಬರೂ ಆಮೆನ್ ಹೇಳಿದರು. ನಮ್ಮ ತಾಯಿ ತೀರಿಕೊಂಡಾಗ ವೆರ್ಲನ್‌ಗೆ ಒಂಬತ್ತು ವರ್ಷ, ಅವನಿಗೆ ಶೂ ದಾರ ಕಟ್ಟಲು ಕಲಿಸಿದವಳು ನಾನು. ಅವನಿಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಅವನು ಬಾಯಿಯ ರಕ್ತ ಒರೆಸಿಕೊಂಡು, "ಆಯ್ತು ಬಾವ, ನಿನ್ನ ಗಿಡ್ಡದ್ದೇ ಆಗ್ಲಿ. ತಗಡಿನ ಚಾವಣಿ ನಮ್ಮ ಭಾರ ತಡೆಯಲ್ಲ, ಅಟ್ಟದ ಕಂಬ ಅಡಿಯ ಚೌಕಟ್ಟಿಗೇ ಕೂರಿಸ್ಬೇಕು. ಎಲ್ಲಿ ಕೂರುತ್ತೆ ನೋಡ್ತೀನಿ" ಎಂದನು. ಅಂದರೆ ಡೊಯ್ಲ್‌ನ ಮಾತೇ ಗೆದ್ದಿತ್ತು. ಸಾಹೇಬರು ಇದನ್ನು ಮರೆಯಬಾರದು.

ಆಗ ಲೆಡ್‌ಬೆಟರ್ ಅವರು, ಈ ಗಾಡಿಯ ಹಿಂಭಾಗ ಕಬ್ಬಿಣದ ಸ್ಪ್ರಿಂಗಿನ ಮೇಲಲ್ಲ, ಗಾಳಿಚೀಲದ ಮೇಲೆ ನಿಲ್ಲುತ್ತದೆ, ಗಾಳಿ ತುಂಬಿದರೆ ಏಳುತ್ತದೆ, ಬಿಟ್ಟರೆ ಕೂರುತ್ತದೆ, ರಸ್ತೆಯಲ್ಲಿ ಓಡಿಸಲು ಎದ್ದೇ ಇರಬೇಕು ಎಂದು ತಿಳಿಸಿದರು. ಚಾಲಕನ ಎಡಗೈ ಪಕ್ಕದ ಲಿವರನ್ನು ಮೇಲಕ್ಕೆ ಎತ್ತಿ ತೋರಿಸಿದರು. ಪಂಪು ಗುರುಗುಟ್ಟಿ, ಗಾಡಿ ಮುದಿ ಹಸು ಏಳುವ ಹಾಗೆ ನಿಧಾನವಾಗಿ ಹಿಂಬದಿ ಎತ್ತಿಕೊಂಡಿತು. ಚೀಲ ಎರಡೂ ಹೊಸವು, ತಾವೇ ಹಾಕಿದ್ದು ಎಂದರು. "ಕೆಳಗೆ ಹೋಗೋದಾದ್ರೆ ತಡಿ ಮಗಾ, ಮರದ ದಿಮ್ಮಿ ತಂದು ಕೊಡ್ತೀನಿ" ಎಂದು ಹೇಳಿ ಶೆಡ್ಡಿನ ಕಡೆ ನಡೆದರು. ಶೆಡ್ಡು ಸುಮಾರು ನೂರು ಗಜ ದೂರ, ಅವರ ಮಂಡಿ ಸರಿಯಿಲ್ಲ. ವೆರ್ಲನ್ ತಡೆಯಲಿಲ್ಲ. ರಟ್ಟು ಹಾಸಿಕೊಂಡು ಬೆನ್ನ ಮೇಲೆ ಮಲಗಿ ಒಳಗೆ ಜಾರಿದನು. ಬೂಟು ಮಾತ್ರ ಹೊರಗೆ ಕಾಣುತ್ತಿತ್ತು.

ನಾನು ಕೋಲಿನ ಎರಡು ತುಂಡನ್ನೂ ಸೇರಿಸಿ ನನ್ನ ತಲೆವಸ್ತ್ರದಿಂದ ಬಿಗಿಯಾಗಿ ಕಟ್ಟಿಕೊಟ್ಟೆನು. ಡೊಯ್ಲ್ ಮತ್ತೆ ಅಳೆದನು. ಗಾಡಿ ಎದ್ದು ನಿಂತ ಮೇಲೆ ಹಲಗೆ ಕೆಂಪು ಬಟ್ಟೆಗಿಂತ ನಾಲ್ಕು ಬೆರಳು ಮೇಲೆ ಬಂತು. ಅವನು ಕೋಲನ್ನು ಸರಿಮಾಡಿ ಮತ್ತೊಮ್ಮೆ ನಿಲ್ಲಿಸಿದನು. ಆಗಲೂ ನಾಲ್ಕು ಬೆರಳೇ.

ಎಷ್ಟು ಬಂತು ಎಂದು ವೆರ್ಲನ್ ಕೆಳಗಿನಿಂದ ಕೇಳಿದನು. ಡೊಯ್ಲ್ ಕೋಲನ್ನು ಪಿಕಪ್‌ನೊಳಗೆ ಎಸೆದನು. ವೆರ್ಲನ್‌ಗೆ ಅರ್ಥವಾಯಿತು. ಅವನ ನಗುವಿಗೆ ಗಾಡಿಯ ತಗಡು ಝೇಂಕರಿಸಿತು. "ಮತ್ತೆ ಬೋಳಾ! ಚಿಂತೆ ಬಿಡು ಬಾವ, ಸುರಂಗ ಬಂದಾಗ ಗಾಳಿ ಬಿಟ್ಟು ಕುಂಡಿ ಊರ್ಕೊಂಡು ಹೋದ್ರಾಯ್ತು. ಬಿಡು ಗಾಳಿ, ಬಿಡು!" ಎಂದನು. ನನ್ನ ತಮ್ಮ ಈ ಮಾತು ಹೇಳಿದ್ದು ಸತ್ಯ. ಹೇಳಲಿಲ್ಲ ಎಂದು ನಾನು ಬರೆಯಲಾರೆ.

ಆ ವೇಳೆಗೆ ನಾನು ಒಲೆ, ಸಿಂಕು ನೋಡೋಣವೆಂದು ಗಾಡಿಯೊಳಗೆ ಹತ್ತಿದ್ದೆನು. ಒಲೆಯ ಮೇಲೆ ಒಂದು ಎರಕದ ಬಾಣಲೆ ಇತ್ತು. ಡೊಯ್ಲ್ ಒಳಗೆ ಬಂದನು, ನನ್ನ ಕಡೆ ನೋಡದೆ ಮುಂದೆ ಹೋಗಿ ಚಾಲಕನ ಸೀಟಿನಲ್ಲಿ ಕೂತನು. ಎಡಗೈಯಿಂದ ಲಿವರನ್ನು ಕೆಳಗೆ ಒತ್ತಿದನು. ನಾನು ಅವನ ಹಿಂದೆ ಐದು ಹೆಜ್ಜೆಯಲ್ಲಿದ್ದೆನು. ನಡುವೆ ಪರದೆ, ಬಾಗಿಲು ಏನೂ ಇರಲಿಲ್ಲ. ಉಸ್ ಎಂದು ಗಾಳಿ ಬಿಟ್ಟ ಸದ್ದು ಬಂತು.

ವೆರ್ಲನ್ ಮೊದಲು ನಕ್ಕನು. ಆಮೇಲೆ, "ಬಾವ, ನಾನಿನ್ನೂ ಕೆಳಗಿದೀನಿ" ಎಂದನು. ಆಮೇಲೆ "ನಿಲ್ಸು" ಎಂದನು. "ನಿಲ್ಸು, ನಿಲ್ಸು" ಎಂದನು.

"ಡೊಯ್ಲ್, ವೆರ್ಲನ್ ಕೆಳಗಿದಾನೆ" ಎಂದು ನಾನು ಕೂಗಿದೆನು.

"ಗೊತ್ತು" ಎಂದು ಡೊಯ್ಲ್ ಹೇಳಿದನು.

ಕೈ ತೆಗೆಯಲಿಲ್ಲ. ಬಿಡು ಎಂದದ್ದನ್ನು ಕೇಳಿಸಿಕೊಂಡ ಕಿವಿಗೆ ನಿಲ್ಲಿಸು ಎಂದದ್ದು ಕೇಳಿಸದೆ ಇರುತ್ತದೆಯೇ? ಗಾಡಿ ಇಳಿದದ್ದು ಎಷ್ಟು ಹೊತ್ತು ಎಂದು ಸಾಹೇಬರು ಕೇಳಿದ್ದಾರೆ. ನನ್ನ ಬಳಿ ಗಡಿಯಾರ ಇರಲಿಲ್ಲ. ಓಡಿ ಹೋಗಿ ಅವನ ಕೈ ಹಿಡಿದು ಎಳೆಯುವಾಗ ಕರ್ತನ ಪ್ರಾರ್ಥನೆ ತಾನಾಗಿ ಬಾಯಿಗೆ ಬಂದಿತ್ತು. ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬಲ್ಲಿಗೆ ಬಂದಾಗ ವೆರ್ಲನ್ "ಅಕ್ಕಾ" ಎಂದನು. ಆಮೇಲೆ ಅವನ ಧ್ವನಿ ಬರಲಿಲ್ಲ. ಹಸಿ ಕಡ್ಡಿ ಮುರಿದಂಥ ಸದ್ದು ಬಂತು, ಒಂದಲ್ಲ, ಸಾಲಾಗಿ.

ನಾನು ಎಷ್ಟು ಎಳೆದರೂ ಡೊಯ್ಲ್‌ನ ಎಡಗೈ ಅಲ್ಲಾಡಲಿಲ್ಲ. ಹೆಬ್ಬೆರಳಿನ ಬುಡದ ಮಾಂಸಕ್ಕೆ ಬಾಯಿ ಹಾಕಿ ಕಚ್ಚಿದೆನು. ಅವನು ಬಲಗೈಯಿಂದ ನನ್ನ ಕಿವಿಗೆ, ಕುತ್ತಿಗೆಗೆ ಹೊಡೆದನು. ನಾನು ಬಿಡಲಿಲ್ಲ. ಮೂವತ್ತು ವರ್ಷ ಜೊತೆಯಲ್ಲಿ ಊಟ ಮಾಡಿದವನ ರಕ್ತ ಬಾಯಿಯಲ್ಲಿ ಉಪ್ಪುಪ್ಪಾಗಿತ್ತು. ಅವನು ನನ್ನನ್ನು ಒದ್ದು ಹಿಂದಕ್ಕೆ ಕೆಡವಿದಾಗ ಒಲೆಯ ಮೇಲಿನ ಬಾಣಲೆ ಕೈಗೆ ಸಿಕ್ಕಿತು. ಅದನ್ನು ಎರಡು ಕೈಯಲ್ಲಿ ಎತ್ತಿ ಅವನ ತಲೆಯ ಹಿಂಭಾಗಕ್ಕೆ ಎರಡು ಸಲ ಹೊಡೆದೆನು. ಅವನು ಸ್ಟಿಯರಿಂಗ್ ಮೇಲೆ ಕವುಚಿ ಬಿದ್ದನು. ಹಾರ್ನ್ ಕೂಗುತ್ತಲೇ ಇತ್ತು. ಇದಕ್ಕೆ ಶಿಕ್ಷೆ ಇದ್ದರೆ ನಾನು ಅನುಭವಿಸಲು ಸಿದ್ಧಳಿದ್ದೇನೆ.

ಲಿವರನ್ನು ನಾನೇ ಮೇಲಕ್ಕೆ ಎತ್ತಿದೆನು. ಪಂಪು ಶುರುವಾಯಿತು, ಗಾಡಿ ಏಳತೊಡಗಿತು. ಇಳಿದಷ್ಟು ಬೇಗ ಏಳಲಿಲ್ಲ, ಆದರೆ ಎದ್ದಿತು. ಹಾರ್ನ್ ಕೇಳಿ ಲೆಡ್‌ಬೆಟರ್ ಅವರು ದಿಮ್ಮಿ ಬಿಸಾಕಿ, ಜಾಕು ಹಿಡಿದು ಕುಂಟುತ್ತಾ ಓಡಿ ಬಂದರು. ನಾವಿಬ್ಬರೂ ಬೂಟು ಹಿಡಿದು ವೆರ್ಲನ್‌ನನ್ನು ಹೊರಗೆ ಎಳೆದೆವು. ಎದೆ ಒಂದು ಕಡೆ ತಟ್ಟೆಯ ಹಾಗೆ ಒಳಗೆ ಹೋಗಿತ್ತು. ಬಾಯಿಂದ ರಕ್ತದ ಗುಳ್ಳೆ ಬರುತ್ತಿತ್ತು, ಕಣ್ಣು ತೆರೆದಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಲು ಲೆಡ್‌ಬೆಟರ್ ಅವರು ಮನೆಯೊಳಗೆ ಹೋದಾಗ ಡೊಯ್ಲ್ ತಲೆ ಹಿಡಿದುಕೊಂಡು ಗಾಡಿಯಿಂದ ಇಳಿದನು. "ಚೀಲ ಒಡೀತು. ಮುದುಕ ಹಳೇ ಚೀಲ ಹಾಕಿದ್ದ. ಓಪಲ್, ಇಷ್ಟೇ ಹೇಳು. ನಿನಗೆ ಗಂಡ ಬೇಕು ತಾನೆ?" ಎಂದನು. ತಲೆಯ ಗಾಯ, ಕೈಯ ಗಾಯ ಎರಡೂ ಜಾಕಿನ ಹಿಡಿ ಸಿಡಿದು ಆದದ್ದು ಎಂದು ಅವನು ಅಂದು ಬಂದ ಡೆಪ್ಯುಟಿಯವರಿಗೆ ಬರೆಸಿರುತ್ತಾನೆ. ಆಗ ನನ್ನ ತುಟಿಗೆ ಬಟ್ಟೆ ಒತ್ತಿದ್ದರು. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅದನ್ನೇ ಹೌದು ಎಂದು ಬರೆದುಕೊಂಡರು.

ನಿನ್ನೆ ಲೆಡ್‌ಬೆಟರ್ ಅವರನ್ನು ಈ ಕಚೇರಿಗೆ ಕರೆತಂದಿದ್ದಾರೆ, ಅವರ ಮೇಲೆ ಕೇಸು ಆಗುತ್ತದೆ ಎಂದು ಡೊಯ್ಲ್ ಊಟ ಮಾಡುತ್ತಾ ಹೇಳಿದನು. ಆ ವೃದ್ಧರು ದಿಮ್ಮಿ ತರಲು ಹೋದವರು. ಸಾಹೇಬರು ಇದೊಂದನ್ನು ಯೋಚಿಸಬೇಕು. ಒಡೆದ ಚೀಲದಲ್ಲಿ ಗಾಳಿ ನಿಲ್ಲುವುದಿಲ್ಲ. ಒಡೆದಿದ್ದರೆ ನಾನು ಲಿವರ್ ಎತ್ತಿದಾಗ ಗಾಡಿ ಏಳುತ್ತಿರಲಿಲ್ಲ. ಅದು ಈಗಲೂ ಆ ಅಂಗಳದಲ್ಲಿ ನಾನು ಎಬ್ಬಿಸಿದ ಎತ್ತರದಲ್ಲೇ ನಿಂತಿರಬಹುದು. ಕೂತಿದ್ದರೂ ಯಾರಾದರೂ ಹೋಗಿ ಲಿವರ್ ಎತ್ತಿ ನೋಡಲಿ. ಕೆಳಗೆ ಮಾತ್ರ ಯಾರೂ ಹೋಗಬಾರದು.

ವೆರ್ಲನ್ ಆಸ್ಪತ್ರೆಯಲ್ಲಿ ಯಂತ್ರದ ಉಸಿರಿನ ಮೇಲೆ ಇದ್ದಾನೆ. ಅವನು ಬದುಕಿದರೂ ಇದೇ ನನ್ನ ಮಾತು, ದೇವರು ಕರೆದುಕೊಂಡರೂ ಇದೇ ನನ್ನ ಮಾತು. ಅದಕ್ಕೇ ಕಾಯದೆ ಇಂದು ಬಂದಿದ್ದೇನೆ.

ಇಲ್ಲಿಗೆ ನನ್ನನ್ನು ಕರೆತಂದವನು ಡೊಯ್ಲೇ. ಚೀಲ ಒಡೆದ ಸಂಗತಿಗೆ ನಾನು ಸಹಿ ಹಾಕಿ ಬರುತ್ತೇನೆಂದು ನಂಬಿ ಹೊರಗೆ ಪಿಕಪ್‌ನಲ್ಲಿ ಕೂತಿದ್ದಾನೆ. ಹಿಂದೆ ನನ್ನ ತಲೆವಸ್ತ್ರ ಕಟ್ಟಿದ ಕೋಲೂ ಇದೆ. ಇಷ್ಟು ಸೆಖೆಯಲ್ಲಿ ಎಡಗೈಗೆ ಚರ್ಮದ ಗವಸು ತೊಟ್ಟಿದ್ದಾನೆ. ಸಾಹೇಬರು ಮೊದಲು ಗಾಡಿಯ ಕೀಲಿ ತೆಗೆದುಕೊಂಡು, ಆಮೇಲೆ ಆ ಗವಸು ಬಿಚ್ಚಿಸಬೇಕು. ನನ್ನ ಮೇಲುಸಾಲಿನಲ್ಲಿ ಮುಂದಿನ ಒಂದು ಹಲ್ಲು ಇಲ್ಲ. ಅವನ ಕೈಯಲ್ಲಿ ನಾನು ಕಚ್ಚಿದ ಗುರುತಿನ ನಡುವೆ ಆ ಸಂದಿಯೂ ಇರುತ್ತದೆ. ಲಿವರಿನ ಮೇಲಿದ್ದದ್ದು ಅದೇ ಕೈ.

ಅಲ್ಲಿಯತನಕ ನನ್ನನ್ನು ಹೊರಗೆ ಕಳಿಸಬಾರದೆಂದು ಬೇಡಿಕೊಳ್ಳುತ್ತೇನೆ.

ಕಂಡದ್ದನ್ನು ಕಂಡಷ್ಟೇ, ಕೇಳಿದ್ದನ್ನು ಕೇಳಿದಷ್ಟೇ ಬರೆದಿದ್ದೇನೆ. ಸಾಹೇಬರು ಗಟ್ಟಿಯಾಗಿ ಓದಿ ಹೇಳಿದರು, ಒಂದು ಮಾತನ್ನೂ ತಿದ್ದುವುದಿಲ್ಲ. ದೇವರ ಮುಂದೆಯೂ ಇದನ್ನೇ ಹೇಳುವೆನು.

ಸ್ಥಳ: ಶೆರಿಫ್ ಕಚೇರಿ, ಅಲಬಾಮಾ
ದಿನಾಂಕ: ಏಪ್ರಿಲ್ 19, 1994, ಮಂಗಳವಾರ

(ಸಹಿ) ಓಪಲ್ ಸ್ಟ್ರಿಕ್‌ಲೆಂಡ್
ವೆರ್ಲನ್ ಕಾಬ್‌ನ ಅಕ್ಕ