ಮುಖವಾಡದ ದಾರ

...ಆ ಕುರ್ಚಿ ಬೇಡ ಅತ್ತಿಗೆ, ಅದರ ಕಾಲು ಅಲ್ಲಾಡುತ್ತೆ. ಇದರಲ್ಲಿ ಕೂತ್ಕೊಳ್ಳಿ. ಹೂಂ, ಭಾನುವಾರ ಮಧ್ಯಾಹ್ನ ನಾನು ತೆಗೆದ ಫೋಟೋ ಎಲ್ಲಾ ಇವೇ. ಶವಪೆಟ್ಟಿಗೆ ಮುಂದೆ ಇಡೋಕೆ ಒಂದು ಬೇಕು ಅಂದ್ರಲ್ಲ, ಆರಿಸ್ಕೊಳ್ಳಿ.

ಇದು ನೋಡಿ, ಮುಖವಾಡ ಹಾಕ್ಕೊಂಡು ಕುಸ್ತಿಗೆ ಬರ್ತಿರೋದು. ನಮ್ಮ ಪಚೂಕ ಊರಿನ ಜನವೆಲ್ಲ ಎದ್ದು ನಿಂತು ‘ತಾಮ್ರದ ಚೇಳು, ತಾಮ್ರದ ಚೇಳು’ ಅಂತ ಅವನ ಕುಸ್ತಿ ಹೆಸರು ಕೂಗ್ತಿದ್ರು. ಆ ಮುಖವಾಡದೊಳಗೆ ನಿಮ್ಮ ಗಂಡ ಫಿಡೆನ್ಸಿಯೊ ಇದ್ದಾನೆ ಅಂತ ಒಬ್ಬರಿಗೂ ಗೊತ್ತಿಲ್ಲ. ಹತ್ತೊಂಬತ್ತು ವರ್ಷ ನಾನೂ ಬಾಯಿ ಬಿಟ್ಟಿಲ್ಲ. ಈ ಮುದುಕಿ ನೋಡಿ, ಮುಂದಿನ ಸಾಲಲ್ಲಿ ಕೂತು ಛೇಡಿಸ್ತಿದ್ಲು, ‘ಏನೋ ಚೇಳು, ವಿಷವೆಲ್ಲ ಹೆಂಡ್ತಿ ಕಿತ್ಕೊಂಡ್ಲಾ’ ಅಂತ. ಯಾಕೆ, ನಗು ಬಂತಾ? ನಗಿ, ತಪ್ಪೇನಿಲ್ಲ. ಅವನೂ ನಕ್ಕ.

ಹಾಗ್ಯಾಕೆ ನೋಡ್ತೀರಿ? ಈ ಅರ್ನುಲ್ಫೊ ಒಂದು ಹನಿ ಕಣ್ಣೀರೂ ಹಾಕ್ಲಿಲ್ಲ ಅಂತಲಾ? ಬರ್ತಿಲ್ಲ ಅತ್ತಿಗೆ. ಎರಡು ದಿನದಿಂದ ಏನೂ ಅನಿಸ್ತಿಲ್ಲ. ಬೆಳಿಗ್ಗೆ ಕಾಫಿ ಕುಡಿದೆ, ನಾಲಿಗೆ ಸುಟ್ಟಿದ್ದು ಆಮೇಲೆ ಗೊತ್ತಾಯ್ತು.

ಇದು ಕಣದ ಹಗ್ಗದ ಮೇಲಿಂದ ಹೊರಗೆ ಹಾರಿದ್ದು. ಕೆಳಗೆ ನಿಂತಿದ್ದ ಎದುರಾಳಿ ಪದ್ಧತಿಯಂತೆ ಹಿಡಿಯಬೇಕಿತ್ತು, ಒಂದು ಹೆಜ್ಜೆ ತಡ ಮಾಡ್ದ. ಫಿಡೆನ್ಸಿಯೊ ನನ್ನ ಕಾಲ ಹತ್ತಿರವೇ ಬಿದ್ದ, ಎದೆ ಸಿಮೆಂಟಿಗೆ ಬಡಿದು... ಇದೇ ಕೊನೇದು.

ಇಲ್ಲ, ಇದಾದ್ಮೇಲೆ ತೆಗೀಲಿಲ್ಲ. ಗೆಳೆಯ ಬಿದ್ದಿದ್ದಾನೆ, ಫೋಟೋ ಯಾರು ತೆಗೀತಾರೆ? ಕ್ಯಾಮೆರಾ ಬಿಟ್ಟು ಅವನ ಹತ್ತಿರ ಕೂತೆ. ನಾನು ಆಸ್ಪತ್ರೇಲೇ ಹೇಳಿದ್ನಲ್ಲ ನಿಮಗೆ, ‘ನನ್ನ ಮುಖ ಯಾರಿಗೂ ತೋರಿಸ್ಬೇಡ’ ಅಂದ, ಅದೇ ಕೊನೇ ಮಾತು ಅಂತ.

ಇದೇನು, ಫೋನ್ ಯಾಕೆ ಕೊಡ್ತೀರಿ? ಯಾರು ತೆಗೆದಿದ್ದು ಇದನ್ನ?

ಹೌದು, ಇದರಲ್ಲಿರೋದು ನಾನೇ. ಅವನ ಕತ್ತಿನ ಹಿಂದೆ ಇರೋದು ನನ್ನ ಕೈ... ಮುಖವಾಡದ ದಾರ ಬಿಗಿ ಮಾಡ್ತಿದ್ದೆ. ಗಂಟು ಸಡಿಲ ಆಗಿತ್ತು, ಸುತ್ತ ನೂರು ಫೋನು ಮೇಲೆದ್ದಿದ್ವು. ಉಸಿರಾಡ್ಲಿ ಅಂತ ದಾರ ಕತ್ತರಿಸೋಕೆ ಡಾಕ್ಟ್ರು ಕತ್ತರಿ ತಗೊಂಡು ಬಂದ್ರು, ನಾನೇ ಬೇಡ ಅಂದೆ. ಮುಖವಾಡ ಕುಸ್ತೀಲಿ ಸೋತು ಕೊಡ್ಬೇಕು, ಬಿದ್ದವನಿಂದ ಕಿತ್ಕೋಬಾರ್ದು. ಅವರೂ ಈ ಊರಿನವರೇ ಅಲ್ವಾ, ಕತ್ತರಿ ಕೆಳಗಿಟ್ರು. ಆಮೇಲೆ ಟವಲ್ ಮುಚ್ಚಿ ಒಳಗೆ ಎತ್ಕೊಂಡು ಹೋದ್ವಿ. ಅಲ್ಲಿ ಬಿಚ್ಚೋ ಹೊತ್ತಿಗೆ ಉಸಿರಿರ್ಲಿಲ್ಲ.

ಅವನ ಕೈಯಾ? ನನ್ನ ಕೈ ಮೇಲಿದೆ, ಹೌದು. ಬಿಗಿ ಮಾಡೋಕೆ ನನಗೆ ಸಹಾಯ ಮಾಡ್ತಿದ್ದ...

ಅತ್ತಿಗೆ, ಏನಾದ್ರೂ ಅನ್ನಿ. ಬೈಯಿರಿ. ಫೋನ್ ತಗೊಳ್ಳಿ, ನನ್ನ ಮುಂದೆ ಹಿಡೀಬೇಡಿ...

‘ಮುಖ ತೋರಿಸ್ಬೇಡ’ ಅನ್ನಲಿಲ್ಲ ಅವನು. ‘ಬಿಚ್ಚೋ’ ಅಂದ. ಎರಡು ಸಲ ಅಂದ, ಎರಡು ಸಲವೂ ನನಗೆ ಕೇಳಿಸ್ತು. ನೋವಲ್ಲಿ ಏನೋ ಅಂತಿದ್ದಾನೆ, ಬಿಚ್ಚಿದ್ರೆ ನಾಳೆ ನನ್ನ ಮುಖ ನೋಡಲ್ಲ ಅಂದ್ಕೊಂಡು ಇನ್ನೊಂದು ಗಂಟು ಹಾಕ್ದೆ.